ಯಾರ ಕೈ ಮೇಲೆ ಕಲಿಯಬೇಕು?

ನಮ್ಮ ಕಂಪನಿಯಲ್ಲಿ ವರ್ಷಕ್ಕೊಮ್ಮೆ ಫ್ರೀ ಹೆಲ್ತ್ ಚೆಕಪ್ ಇರುತ್ತದೆ. ಆ್ಯಪ್‌ನಲ್ಲಿ ಶನಿವಾರ ಬೆಳಿಗ್ಗೆಯ ಸ್ಲಾಟ್ ಬುಕ್ ಮಾಡಿದರೆ ಸಾಕು, ಲ್ಯಾಬಿನವರೇ ಮನೆಗೆ ಬಂದು ರಕ್ತ ತೆಗೆದುಕೊಂಡು ಹೋಗುತ್ತಾರೆ. ಕಳೆದ ವರ್ಷ ಬಂದ ಹುಡುಗನಿಗೆ ಇಪ್ಪತ್ತೈದು ವಯಸ್ಸಿರಬಹುದು. ಹೆಲ್ಮೆಟ್ ಬಾಗಿಲ ಪಕ್ಕ ಇಟ್ಟು, ಕೈಗೆ ಸ್ಯಾನಿಟೈಸರ್ ಹಚ್ಚಿ, ಗ್ಲೌಸ್ ಹಾಕಿಕೊಂಡ. ಅವನು ತೋಳಿಗೆ ಪಟ್ಟಿ ಬಿಗಿಯುವ ಮೊದಲೇ ನನ್ನ ಬಾಯಿಂದ ಪ್ರಶ್ನೆ ಬಂತು: "ಎಷ್ಟು ವರ್ಷ ಆಯ್ತು ಈ ಕೆಲಸಕ್ಕೆ ಸೇರಿ?"

"ನಾಲ್ಕು ವರ್ಷ ಸಾರ್. ಭಯ ಬೇಡ, ಗೊತ್ತೇ ಆಗಲ್ಲ" ಅಂದ.

ನಿಜಕ್ಕೂ ಗೊತ್ತಾಗಲಿಲ್ಲ. ಮೂರು ಟ್ಯೂಬ್ ತುಂಬಿಸಿ, ನನ್ನ ಹೆಸರು ಬರೆದು, ಹತ್ತಿ ಒತ್ತಿ ಹಿಡಿಯೋಕೆ ಹೇಳಿ ಹೊರಟ. ನಾನು ಆ್ಯಪ್‌ನಲ್ಲಿ ಐದು ಸ್ಟಾರ್ ಕೊಟ್ಟೆ. ಆಮೇಲೆ ಚಹಾ ಕುಡಿಯುತ್ತಾ ಕೂತಾಗ ಒಂದು ವಿಷಯ ಹೊಳೆಯಿತು. ಈ ಹುಡುಗನ ಕೈ ಇಷ್ಟು ಚೆನ್ನಾಗಿ ಪಳಗಿರುವುದು ಯಾರದೋ ಕೈ ಮೇಲೆ. ಅವನ ಮೊದಲ ಹತ್ತು, ಇಪ್ಪತ್ತು, ಐವತ್ತು ಜನ ಯಾರು? ಅವರ ಮನೆಗೂ ಯಾರಾದರೂ ಸ್ಲಾಟ್ ಬುಕ್ ಮಾಡಿಸಿಕೊಂಡು ಹೋಗಿದ್ದರಾ?

ಈ ಪ್ರಶ್ನೆಗೆ ಉತ್ತರ ನನಗೆ ಸ್ವಲ್ಪ ಗೊತ್ತು. ಗೊತ್ತಿರುವುದರಿಂದಲೇ ಸ್ವಲ್ಪ ನಾಚಿಕೆಯೂ ಇದೆ.

ನಮ್ಮೂರು ಯಾದಗಿರಿ ಜಿಲ್ಲೆಯ ಕೊಂಕಲ್. ನಮ್ಮ ಕಾಕಾನ ಮಗಳು ಪಿಯುಸಿ ಸೈನ್ಸ್ ಮುಗಿಸಿ, ನೀಟ್‌ನಲ್ಲಿ ಆಗದೆ, ವರ್ಷವಿಡೀ ಮನೆಯಲ್ಲಿ ಕೂತಿದ್ದಳು. ಗಂಡು ನೋಡುವ ಮಾತು ಶುರುವಾಗಿತ್ತು. ಅಷ್ಟರಲ್ಲಿ ಅವಳೇ ಕಲಬುರಗಿಯ ಒಂದು ವೃತ್ತಿ ತರಬೇತಿ ಶಾಲೆ ಹುಡುಕಿಕೊಂಡಳು. ಫ್ಲೆಬಾಟಮಿ ಕೋರ್ಸ್, ಅಂದರೆ ಪರೀಕ್ಷೆಗೆ ರಕ್ತ ತೆಗೆಯುವವರ ತರಬೇತಿ. ಹೆಲ್ತ್‌ಕೇರ್ ಸೆಕ್ಟರ್ ಸ್ಕಿಲ್ ಕೌನ್ಸಿಲ್ ಎಂಬ ಸಂಸ್ಥೆ ಇಂಥ ಕೆಲಸಗಳಿಗೆ ಮಾನದಂಡ ರೂಪಿಸಿ, ಪರೀಕ್ಷೆ ನಡೆಸಿ ಸರ್ಟಿಫಿಕೇಟ್ ಕೊಡುತ್ತದೆ. ಕಾಕಾ ಮಾತ್ರ ನಕ್ಕುಬಿಟ್ಟರು. "ರಗತ ತೆಗಿಲಿಕ್ಕೂ ಒಂದ್ ಸಾಲಿ ಬೇಕೇನು?" ಫೀಸು ನಾನು ಕೊಟ್ಟೆ. ಕೊಟ್ಟು, ಮನೆತನಕ್ಕೆ ಏನೋ ದೊಡ್ಡ ಉಪಕಾರ ಮಾಡಿದವನ ಹಾಗೆ ಬೀಗಿದೆ.

ಕಾಕಾನ ಪ್ರಶ್ನೆಗೆ ಉತ್ತರ ತಂಗಿ ಪ್ರತಿ ಭಾನುವಾರ ಫೋನಿನಲ್ಲಿ ಕೊಡುತ್ತಾ ಹೋದಳು. ಪಟ್ಟಿಯನ್ನು ಚುಚ್ಚುವ ಜಾಗಕ್ಕಿಂತ ನಾಲ್ಕೈದು ಬೆರಳು ಮೇಲೆ ಕಟ್ಟಬೇಕು, ಒಂದು ನಿಮಿಷಕ್ಕಿಂತ ಹೆಚ್ಚು ಬಿಗಿದಿಡಬಾರದು. ಇಟ್ಟರೆ ರಕ್ತ ಅಲ್ಲೇ ಮಡುಗಟ್ಟಿ ರಿಪೋರ್ಟೇ ತಪ್ಪಾಗುತ್ತದೆ. ಸ್ಪಿರಿಟ್ ಒರೆಸಿದ ಮೇಲೆ ಅದು ಆರುವ ತನಕ ಕಾಯಬೇಕು, ಊದಬಾರದು. ಸೂಜಿ 30 ಡಿಗ್ರಿಗಿಂತ ಕಡಿಮೆ ಓರೆಯಲ್ಲಿ ಹೋಗಬೇಕು. ಟ್ಯೂಬುಗಳ ಮುಚ್ಚಳದ ಬಣ್ಣಕ್ಕೂ ಒಂದು ಸರದಿ ಇದೆ: ತಿಳಿನೀಲಿ ಮೊದಲು, ಆಮೇಲೆ ಕೆಂಪು, ಹಸಿರು, ನೇರಳೆ, ಕೊನೆಗೆ ಬೂದು. ನೇರಳೆ ಟ್ಯೂಬಿನಲ್ಲಿ ಪೊಟ್ಯಾಸಿಯಮ್ ಇರುವ ಇಡಿಟಿಎ ಎಂಬ ರಾಸಾಯನಿಕ ಇರುತ್ತದೆ. ಸರದಿ ತಪ್ಪಿ ಅದರ ಒಂದು ಹನಿ ಕೆಂಪು ಟ್ಯೂಬಿಗೆ ಹೋದರೆ, ಆರೋಗ್ಯವಾಗಿರುವ ಮನುಷ್ಯನಿಗೂ ಪೊಟ್ಯಾಸಿಯಮ್ ಏರಿದೆ ಅಂತ ರಿಪೋರ್ಟ್ ಬರಬಹುದು. ಹೆಸರು ಬರೆಯುವುದು ರೋಗಿಯ ಎದುರಲ್ಲೇ, ಆಮೇಲೆ ಮೇಜಿನ ಹತ್ತಿರ ಹೋಗಿ ಅಲ್ಲ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬಾರದು, ಅದು ನೇರ ಬಿಳಿ ಡಬ್ಬಕ್ಕೆ. ನಾನು ಬಿ.ಇ. ಓದಿದ ನಾಲ್ಕು ವರ್ಷದಲ್ಲಿ ಇಷ್ಟು ಶಿಸ್ತು ಯಾವ ಲ್ಯಾಬಿನಲ್ಲೂ ಕಲಿಯಲಿಲ್ಲ.

ಇದನ್ನೆಲ್ಲ ಪುಸ್ತಕ ಓದಿ, ರಬ್ಬರ್ ಕೈ ಇಟ್ಟುಕೊಂಡು ಕಲಿಯಬಹುದು. ರಬ್ಬರ್ ಕೈಯೊಳಗೆ ಕೆಂಪು ನೀರು ಹರಿಯುತ್ತಿರುತ್ತದೆ, ಎಷ್ಟು ಸಲ ಚುಚ್ಚಿದರೂ ಅದು ಅಂಜುವುದಿಲ್ಲ. ಆದರೆ ಸಮಸ್ಯೆ ಅಲ್ಲೇ ಇದೆ. ಜೀವ ಇರುವ ಕೈ ಹಿಂದಕ್ಕೆ ಸರಿಯುತ್ತದೆ. ನಾವು ಆಡುಮಾತಿನಲ್ಲಿ ನರ ಅನ್ನುವ ಆ ರಕ್ತನಾಳ ಸೂಜಿ ತಾಗಿದ ಕೂಡಲೇ ಪಕ್ಕಕ್ಕೆ ಜಾರುತ್ತದೆ. ಆದ್ದರಿಂದ ಒಂದಲ್ಲ ಒಂದು ದಿನ ಜೀವಂತ ಮನುಷ್ಯನ ಮೇಲೆ ಮೊದಲ ಸಲ ಕೈ ಇಡಲೇಬೇಕು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಈ ಕೆಲಸದ ಲೈಸೆನ್ಸ್ ಬೇಕಾದರೆ ತರಬೇತಿಯಲ್ಲಿ ಕನಿಷ್ಠ 50 ಸಲ ರಕ್ತನಾಳದಿಂದ, 10 ಸಲ ಬೆರಳಿನಿಂದ ರಕ್ತ ತೆಗೆದಿರಬೇಕು ಅಂತ ನಿಯಮವಿದೆ. ಅಂದರೆ ಒಂದೊಂದು ಸರ್ಟಿಫಿಕೇಟಿನ ಹಿಂದೆ ಹತ್ತಾರು ಜನರ ಕೈ ಇದೆ. ಆ ಸರ್ಟಿಫಿಕೇಟಿನ ಮೇಲೆ ಅವರ ಹೆಸರು ಮಾತ್ರ ಇರುವುದಿಲ್ಲ.

ನಮ್ಮಲ್ಲಿ ಇದು ಹಳೆಯ ಪ್ರಶ್ನೆಯೇ. ಸುಶ್ರುತ ಸಂಹಿತೆಯಲ್ಲಿ ಶಿಷ್ಯರ ಅಭ್ಯಾಸಕ್ಕೆಂದೇ ಒಂದು ಅಧ್ಯಾಯವಿದೆ. ಕೊಯ್ಯುವುದನ್ನು ಕುಂಬಳ, ಸೋರೆಯಂಥ ಕಾಯಿಗಳ ಮೇಲೆ ಕಲಿಯಬೇಕು, ನಾಳ ಚುಚ್ಚುವುದನ್ನು ಸತ್ತ ಪ್ರಾಣಿಯ ರಕ್ತನಾಳದ ಮೇಲೆ, ತಾವರೆ ದಂಟಿನ ಮೇಲೆ ಕಲಿಯಬೇಕು ಅಂತ ಅದು ಹೇಳುತ್ತದೆ. ಎಷ್ಟೇ ಓದಿದ್ದರೂ ಅಭ್ಯಾಸವಿಲ್ಲದವನು ಕೆಲಸಕ್ಕೆ ಯೋಗ್ಯನಲ್ಲ ಎಂಬುದು ಅದರ ನಿಲುವು. ಆದರೆ ತಾವರೆ ದಂಟಿನಿಂದ ಎದ್ದು ಮನುಷ್ಯನ ಕಡೆಗೆ ತಿರುಗುವ ಆ ಮೊದಲ ದಿನ ಯಾರ ಕೈ ಹಿಡಿಯಬೇಕು?

ತಂಗಿಯ ಶಾಲೆಯಲ್ಲಿ ಮೊದಲು ವಿದ್ಯಾರ್ಥಿಗಳೇ ಒಬ್ಬರಿಗೊಬ್ಬರು ಚುಚ್ಚಿಕೊಂಡರು. ಮೂರು ವಾರದಲ್ಲಿ ಎಲ್ಲರ ಮೊಣಕೈ ಒಳಭಾಗವೂ ನೀಲಿಗಟ್ಟಿತ್ತಂತೆ. ಆಮೇಲೆ ಮನೆಯವರು ಯಾರಾದರೂ ಬಂದರೆ ಒಳ್ಳೆಯದು, ಮೇಡಂ ಎದುರಲ್ಲೇ ಅಭ್ಯಾಸ ಆಗುತ್ತದೆ ಅಂತ ಹೇಳಿದ್ದರು. ಪಂಚಮಿ ಹಬ್ಬಕ್ಕೆ ನಾನು ಊರಿಗೆ ಹೋಗಿದ್ದೆ. ವಾಪಸ್ ಬರುವಾಗ ತಂಗಿಯನ್ನು ಕಲಬುರಗಿಗೆ ಬಿಟ್ಟು, ಅಲ್ಲಿಂದಲೇ ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿಯುವುದು ಅಂತಾಯಿತು. ಕಣ್ಣು ತೋರಿಸಬೇಕು ಅಂತ ಅವ್ವನೂ ಜೊತೆಗೆ ಬಂದಳು.

ಶಾಲೆಯ ಲ್ಯಾಬಿನಲ್ಲಿ ತಂಗಿ ಬಿಳಿ ಕೋಟು ಹಾಕಿಕೊಂಡು ಬಂದು ಕೇಳಿದಳು: "ಅಣ್ಣಾ, ನೀ ಕೈ ಕೊಡ್ತಿ ಏನು?"

ನಾನು ಕೇಳಿದೆ: "ಇಲ್ಲೀ ತನಕ ಎಷ್ಟ್ ಮಂದಿಗಿ ಚುಚ್ಚೀದಿ?"

"ಜೀವ ಇದ್ದವರಿಗಾ? ಆರು ಮಂದಿಗಿ."

ನಾನು ಒಂದು ಕ್ಷಣ ಸುಮ್ಮನಾದೆ. ಆಮೇಲೆ ನಾಳೆ ಬೆಳಿಗ್ಗೆಯೇ ನನ್ನ ಆನ್‌ಕಾಲ್ ಇದೆ, ಕೈ ನೋವಾದರೆ ಟೈಪ್ ಮಾಡೋದು ಕಷ್ಟ, ಮುಂದಿನ ಸಲ ಖಂಡಿತ ಅಂದೆ. ಸುಳ್ಳು ಅಂತ ಅವಳಿಗೂ ಗೊತ್ತು, ನನಗೂ ಗೊತ್ತು. ಅವ್ವ ಅಷ್ಟರಲ್ಲಿ ಸೀರೆ ಸೆರಗು ಸರಿಸಿಕೊಂಡು ಕುರ್ಚಿಯಲ್ಲಿ ಕೂತುಬಿಟ್ಟಿದ್ದಳು. "ಬಾ ಮಗಳ, ನನಗ ಚುಚ್ಚು."

ಮೊದಲ ಸಲ ಸಿಗಲಿಲ್ಲ. ನಾಳ ಜಾರಿತು. ತಂಗಿಯ ಹಣೆ ಬೆವರಿತು. ಮೇಡಂ ಪಕ್ಕದಲ್ಲಿ ನಿಂತು ಸೂಜಿ ಹೊರಗೆ ತೆಗೆಸಿದರು, ಹತ್ತಿ ಒತ್ತಿಸಿದರು, ಇನ್ನೊಂದು ಕೈ ನೋಡಲು ಹೇಳಿದರು. ಎರಡನೇ ಸಲ ಟ್ಯೂಬಿಗೆ ರಕ್ತ ಬಂತು. "ನೋವಾಯ್ತೇನು ದೊಡ್ಡವ್ವ?" ಅಂದರೆ ಅವ್ವ ಹೇಳಿದ್ದು ಇಷ್ಟು: "ಹತ್ತಿ ಬಿಡಸಾಗ ಕಾಯಿ ಸಿಪ್ಪಿ ಇದಕ್ಕಿಂತ ಜೋರ್ ಚುಚ್ಚತದ ಬಿಡು."

ನಾನು ನೀರಿನ ಬಾಟಲಿ ಹಿಡಿದು ಪಕ್ಕದಲ್ಲಿ ನಿಂತಿದ್ದೆ.

ಮುಂದಿನ ತಿಂಗಳು ಅವಳಿಗೆ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಪೋಸ್ಟಿಂಗ್ ಆಯಿತು. ಮೊದಲ ವಾರವೇ ರಾತ್ರಿ ಫೋನ್ ಮಾಡಿದಳು, ಧ್ವನಿ ಕಟ್ಟಿತ್ತು. "ಅಣ್ಣಾ, ಇಲ್ಲಿ ಯಾರೂ ಏನೂ ಕೇಳಂಗಿಲ್ಲ" ಅಂದಳು. ಬೆಳಿಗ್ಗೆಯಿಂದ ಸಾಲಿನಲ್ಲಿ ನಿಂತವರು, ಬಂದು ಕೂತು, ಕೈ ಮುಂದೆ ಚಾಚುತ್ತಾರೆ. ನೀನು ಯಾರು, ಕಲಿತವಳಾ, ಕಲಿಯುತ್ತಿರುವವಳಾ, ಯಾರೂ ಕೇಳುವುದಿಲ್ಲ. ಬಿಳಿ ಕೋಟು ನೋಡಿ ಡಾಕ್ಟರವ್ವ ಅನ್ನುತ್ತಾರೆ. ಅವತ್ತು ಒಬ್ಬ ಅಜ್ಜನಿಗೆ ಎರಡು ಸಲ ಚುಚ್ಚಿದರೂ ಸಿಗಲಿಲ್ಲವಂತೆ. ಅಜ್ಜ ಬೈಯಲಿಲ್ಲ, ಎದ್ದು ಹೋಗಲಿಲ್ಲ. "ಬಿಡವ್ವಾ, ನಿಂದೇನ್ ತಪ್ಪದ. ನಂದು ನರಾನೇ ಸಣ್ಣವು" ಅಂದನಂತೆ. ಇವಳ ತಪ್ಪಿಗೆ ಅವನು ಕ್ಷಮೆ ಕೇಳಿದ ಹಾಗಿತ್ತು ಅಣ್ಣಾ, ಅಂತ ಅತ್ತಳು.

ಆ ಅಜ್ಜನ ಮಾತು ನನ್ನ ತಲೆಯಿಂದ ಇವತ್ತಿಗೂ ಹೋಗಿಲ್ಲ.

ಇದಕ್ಕೆ ನಾವು ಕೊಡುವ ಸಮಾಧಾನಗಳು ಎರಡು. ಒಂದು, ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪುಕ್ಕಟೆ ಸಿಗುತ್ತದಲ್ಲ, ಅದಕ್ಕೆ ಬದಲಾಗಿ ಕಲಿಯುವವರಿಗೆ ಅವಕಾಶ ಕೊಟ್ಟರೆ ಏನು ತಪ್ಪು? ತಪ್ಪು ಇಷ್ಟೇ: ಅಲ್ಲಿನ ಚಿಕಿತ್ಸೆ ಯಾರ ಉಪಕಾರವೂ ಅಲ್ಲ. ಬೆಂಕಿಪೊಟ್ಟಣ ಕೊಂಡವನೂ ತೆರಿಗೆ ಕಟ್ಟಿದ್ದಾನೆ. ಒಂದು ವೇಳೆ ಅದು ವ್ಯವಹಾರವೇ ಅಂತಿಟ್ಟುಕೊಂಡರೂ, ವ್ಯವಹಾರ ಅಂದಮೇಲೆ ಎರಡೂ ಕಡೆಯವರಿಗೆ ಅದು ಗೊತ್ತಿರಬೇಕಲ್ವಾ? ಅಜ್ಜನಿಗೆ ತಾನು ಬೆಲೆ ಕೊಡುತ್ತಿದ್ದೇನೆ ಅಂತಲೇ ಗೊತ್ತಿರಲಿಲ್ಲ.

ಎರಡನೆಯ ಸಮಾಧಾನ: ಹೇಳಿದರೆ ಹೆದರುತ್ತಾರೆ, ಯಾರೂ ಕೈ ಕೊಡುವುದಿಲ್ಲ, ಆಮೇಲೆ ಕಲಿಯುವುದು ಹೇಗೆ? ಇದಕ್ಕೆ ಉತ್ತರ ತಂಗಿಯೇ ಕಂಡುಕೊಂಡಳು. ಮರುದಿನದಿಂದ ಅವಳು ಪ್ರತಿಯೊಬ್ಬರಿಗೂ ಒಂದು ಮಾತು ಹೇಳತೊಡಗಿದಳು: "ನಾ ಇನ್ನೂ ಕಲಿಲಿಕತ್ತೀನಿ. ಬ್ಯಾಡ ಅಂದ್ರ ಸಿಸ್ಟರ್‌ಗಿ ಕರೀತೀನಿ." ಹೆಚ್ಚಿನವರು "ಕಲಿ ಯವ್ವಾ" ಅಂದರು. ಕೆಲವರು ಬೇಡ ಅಂದರು. ಆಗ ಸಿಸ್ಟರ್ ಬರುವ ತನಕ ಸಾಲು ನಿಂತಿತು, ಇವಳಿಗೆ ಬೈಗುಳವೂ ಬಿತ್ತು. ಅವಳ ಪುಸ್ತಕದಲ್ಲಿ ಬೇಕಾದಷ್ಟು ಸಹಿ ತುಂಬುವುದು ಉಳಿದವರಿಗಿಂತ ಒಂದು ವಾರ ತಡವಾಯಿತು. ನಿಜ ಹೇಳುವುದಕ್ಕೆ ಖರ್ಚಿದೆ. ಆದರೆ ಅದು ಒಂದು ವಾರದ ಖರ್ಚು, ಪ್ರಪಂಚ ಮುಳುಗಲಿಲ್ಲ.

ಇಲ್ಲಿಗೆ ಲೇಖನ ಮುಗಿಸಿ, ಒಪ್ಪಿಗೆ ಕೇಳಿದರೆ ಎಲ್ಲ ಸರಿ ಹೋಗುತ್ತದೆ ಅಂದುಬಿಡಬಹುದಿತ್ತು. ನನಗೆ ಹಾಗನ್ನಿಸುವುದಿಲ್ಲ. ಅವಳೇ ಒಮ್ಮೆ ಹೇಳಿದಳು: "ಹೂಂ ಅಂತಾರ ಅಣ್ಣಾ, ಆದ್ರ ಬ್ಯಾಡ ಅನ್ಲಿಕ್ಕ ಧೈರ್ಯ ಇಲ್ದೇ ಹೂಂ ಅಂತಾರೋ ಏನೋ." ದಿನಗೂಲಿ ಬಿಟ್ಟು ಬಂದವನು, ಮತ್ತೆ ಸಾಲಿನ ಕೊನೆಗೆ ಹೋಗಿ ನಿಲ್ಲಲಾರದವನು, ಕೋಟು ಹಾಕಿದವರಿಗೆ ಎದುರು ಮಾತಾಡಿ ರೂಢಿಯಿಲ್ಲದವನು ಹೂಂ ಅಂದರೆ ಅದನ್ನು ಎಷ್ಟರ ಮಟ್ಟಿಗೆ ಒಪ್ಪಿಗೆ ಅನ್ನೋಣ?

ಈಗ ನನ್ನ ವಿಷಯಕ್ಕೆ ಬರುತ್ತೇನೆ. ನಾನು ಬೇಡ ಅಂದೆ. ಅದು ನನ್ನ ಹಕ್ಕು. ನನ್ನ ಮೈ, ನನ್ನ ಇಷ್ಟ. ಯಾರೂ ನನ್ನನ್ನು ಬಲವಂತ ಮಾಡಬಾರದು, ಮಾಡಲೂ ಇಲ್ಲ. ನನ್ನೊಬ್ಬನ ಬೇಡದಲ್ಲಿ ಯಾವ ಅಪರಾಧವೂ ಕಾಣುವುದಿಲ್ಲ. ಆದರೆ ಬೇಡ ಅನ್ನಬಲ್ಲವರೆಲ್ಲರೂ ಬೇಡ ಅಂದರೆ ಏನಾಗುತ್ತದೆ ಲೆಕ್ಕ ಹಾಕಿ. ಕಲಿಯುವವರು ಕಲಿಯಲೇಬೇಕು, ಸೂಜಿಗೆ ಕೈ ಬೇಕೇ ಬೇಕು. ಉಳಿಯುವುದು ಬೇಡ ಅನ್ನಲಾರದವರ ಕೈ ಮಾತ್ರ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡಿದರು ಅನ್ನುವ ಗಾದೆ ಕೇಳಿರುತ್ತೀರಿ. ಇಲ್ಲಿ ನಾವ್ಯಾರೂ ಯಾರನ್ನೂ ತಳ್ಳಿಲ್ಲ. ಬಾವಿ ಕಟ್ಟೆಯಿಂದ ಒಂದೊಂದು ಹೆಜ್ಜೆ ಹಿಂದೆ ಸರಿದಿದ್ದೇವೆ. ಸರಿಯಲು ಜಾಗವಿಲ್ಲದವರು ಅಂಚಿನಲ್ಲಿ ಉಳಿದಿದ್ದಾರೆ. ಆಮೇಲೆ ಆಳ ಗೊತ್ತಾದ ಬಾವಿಯಲ್ಲಿ ಈಜಲು ನಾವು ಬರುತ್ತೇವೆ, ಶನಿವಾರ ಬೆಳಿಗ್ಗೆ ಏಳರ ಸ್ಲಾಟಿಗೆ.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಈ ವಿಷಯಕ್ಕೆ ಒಂದು ಮರ್ಯಾದೆ ಇದೆ ಅನ್ನುವುದು ತಮಾಷೆಯ ಸಂಗತಿ. ಹೊಸ ವರ್ಷನ್ ಬಿಡುವ ಮೊದಲು ಕಂಪನಿಯೊಳಗಿನವರೇ ಬಳಸಿ ನೋಡುತ್ತೇವೆ. ಬಗ್ ಇದ್ದರೆ ಮೊದಲು ನಮಗೇ ತಾಗಲಿ ಅಂತ. ಆಮೇಲೆ ನೂರಕ್ಕೆ ಒಬ್ಬರಿಗೆ, ಆಮೇಲೆ ಹತ್ತು ಜನಕ್ಕೆ, ಹೀಗೆ ಹರಡುತ್ತೇವೆ. ಯಾವ ಒಂದು ಊರಿನ ಬಡವರನ್ನು ಮಾತ್ರ ಹುಡುಕಿ ಮೊದಲು ಅವರ ಫೋನಿಗೆ ಹಾಕೋಣ ಅಂತ ಮೀಟಿಂಗಿನಲ್ಲಿ ಯಾರಾದರೂ ಹೇಳಿದರೆ ಎಲ್ಲರೂ ಬೆಚ್ಚಿ ಬೀಳುತ್ತಾರೆ. ಕೋಡಿನ ವಿಷಯದಲ್ಲಿ ನಾಚಿಕೆ ಅನ್ನಿಸುವುದು ಕೈಯ ವಿಷಯದಲ್ಲಿ ಯಾಕೆ ಅನ್ನಿಸುವುದಿಲ್ಲ?

ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನು ಹಾಕಿದ ಒಂದು ತಪ್ಪು ಬದಲಾವಣೆಯಿಂದ ಪೇಮೆಂಟ್ ಪುಟ ಮುಕ್ಕಾಲು ಗಂಟೆ ಸತ್ತು ಬಿದ್ದಿತ್ತು. ಎಷ್ಟು ಜನ ಯಾವ ಅವಸರದಲ್ಲಿದ್ದರೋ ನನಗೆ ಗೊತ್ತಿಲ್ಲ. ಮ್ಯಾನೇಜರ್ ಬೆನ್ನು ತಟ್ಟಿ, "ಎಲ್ರೂ ಕಲಿಯೋದೇ ಹೀಗೆ ಬಿಡು" ಅಂದರು. ನನ್ನ ಕಲಿಕೆಗೂ ಮುಖ ಗೊತ್ತಿಲ್ಲದ ಯಾರೋ ಕೈ ಕೊಟ್ಟಿದ್ದಾರೆ. ಮೇಷ್ಟರ ಮೊದಲ ಕ್ಲಾಸಿನ ಮಕ್ಕಳು, ಡ್ರೈವರನ ಮೊದಲ ಬಸ್ಸಿನ ಪ್ರಯಾಣಿಕರು, ಊರಲ್ಲಿ ಹೊಸದಾಗಿ ಕತ್ತರಿ ಹಿಡಿದವನ ಕೈಗೆ ತಲೆ ಕೊಟ್ಟ ಹುಡುಗರು, ಎಲ್ಲರೂ ಅಂಥವರೇ. ಯಾರ ಮೇಲೂ ಕಲಿಯದೆ ಯಾರೂ ಏನೂ ಆಗಿಲ್ಲ. ಹಾಗಿದ್ದ ಮೇಲೆ ಇದು ನಾವೆಲ್ಲ ತೀರಿಸಬೇಕಾದ ಸಾಲ.

ಹಾಗಂತ ಎಲ್ಲದಕ್ಕೂ ಕೈ ಕೊಡಿ ಅಂತ ನಾನು ಹೇಳುತ್ತಿಲ್ಲ. ಮಗುವಿನ ಹೃದಯದ ಆಪರೇಷನ್ ಹೊಸಬರಿಂದ ಮಾಡಿಸಿ ಅಂದರೆ ಅದು ಹುಚ್ಚು. ಅಪಾಯ ದೊಡ್ಡದಾದಷ್ಟೂ ಪಳಗಿದ ಕೈಯನ್ನು ಹುಡುಕುವುದು ಸರಿ. ಆದರೆ ರಕ್ತ ತೆಗೆಯುವಾಗ ತಪ್ಪಿದರೆ ಸಾಮಾನ್ಯವಾಗಿ ಆಗುವುದು ಒಂದು ನೀಲಿ ಕಲೆ, ನಾಲ್ಕು ದಿನದ ನೋವು. ಪಕ್ಕದಲ್ಲಿ ತಿಳಿದವರು ನಿಂತಿದ್ದು, ಎರಡು ಸಲ ಸಿಗದಿದ್ದರೆ ಸೂಜಿ ಕೆಳಗಿಟ್ಟು ಹಿರಿಯರನ್ನು ಕರೆಯುವ ಪದ್ಧತಿ ಪಾಲಿಸಿದರೆ ಅದನ್ನು ನನ್ನಂಥ ಗಟ್ಟಿ ಆಳು ತಡೆದುಕೊಳ್ಳಬಹುದು. ತಡೆದುಕೊಳ್ಳಲಾರದವರು ಆ ಸಾಲಿನಲ್ಲಿ ನಿಂತ ಅಜ್ಜ, ರಕ್ತ ಕಡಿಮೆಯಿರುವ ಬಸುರಿ, ಕೀಮೋ ತೆಗೆದುಕೊಂಡು ನಾಳಗಳೇ ಬತ್ತಿದ ರೋಗಿ. ನ್ಯಾಯವಾಗಿ ನೋಡಿದರೆ ಪಳಗಿದ ಕೈ ಅವರಿಗೆ ಹೋಗಬೇಕು, ಕಲಿಯುವ ಕೈ ನಮಗೆ ಬರಬೇಕು. ಈಗ ನಡೆಯುತ್ತಿರುವುದು ಉಲ್ಟಾ. ಜಿಮ್ಮಿಗೆ ಹೋಗಿ ನಾಳ ಉಬ್ಬಿಸಿಕೊಂಡವರ ಮನೆಗೆ ನಾಲ್ಕು ವರ್ಷದ ಅನುಭವ ಬೈಕಿನಲ್ಲಿ ಬರುತ್ತದೆ.

ತಂಗಿ ಈಗ ಬೆಂಗಳೂರಿನಲ್ಲೇ ಇದ್ದಾಳೆ. ಮನೆಮನೆಗೆ ಹೋಗಿ ಸ್ಯಾಂಪಲ್ ತರುವ ಕೆಲಸ. ಸೇರಿದ ಮೊದಲ ತಿಂಗಳು ಸೀನಿಯರ್ ಜೊತೆ ಹೋಗುತ್ತಿದ್ದಾಗ, ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಇವಳನ್ನು ನೋಡಿ "ನೀವು ಬೇಡಮ್ಮ, ಅವರೇ ತೆಗೀಲಿ" ಅನ್ನುತ್ತಿದ್ದರಂತೆ. ಅವಳಿಗೆ ಅದರಿಂದ ಬೇಜಾರಿಲ್ಲ. "ನೀನೂ ಹಂಗೇ ಅಂದಿದ್ದಿ ಅಲ್ಲ" ಅಂತ ನಗುತ್ತಾಳೆ.

ಈ ವರ್ಷದ ಚೆಕಪ್ಪಿಗೆ ಇಬ್ಬರು ಬಂದರು. ಒಬ್ಬಾತ ಹಳಬ, ಜೊತೆಗೊಂದು ಹುಡುಗಿ, ಕೊರಳಲ್ಲಿ ಟ್ರೈನಿ ಅಂತ ಬರೆದ ಐಡಿ ಕಾರ್ಡ್. ಅವಳು ಬ್ಯಾಗ್ ಹಿಡಿದು ಹಿಂದೆ ನಿಂತಿದ್ದಳು. "ನಿಮಗೆ ಅಭ್ಯಾಸ ಬೇಕಿದ್ರೆ ನೀವೇ ತೆಗೀರಿ" ಅಂದೆ. ಹಳಬ ನನ್ನ ಮುಖ ನೋಡಿ, ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡ. ಅವಳು ಕುರ್ಚಿ ಹತ್ತಿರ ಎಳೆದುಕೊಂಡಳು.

ಮೊದಲ ಸಲ ತಪ್ಪಿತು. ನನಗೆ ನೋವಾಯಿತು, ಭಯವೂ ಆಯಿತು. ಇದೆಲ್ಲ ಯಾಕೆ ಬೇಕಿತ್ತು ಅಂತಲೂ ಅನ್ನಿಸಿತು. ಸೂಜಿ ಒಳಗಿರುವಾಗ ನ್ಯಾಯ ನೀತಿ ಯಾವುದೂ ನೆನಪಿಗೆ ಬರುವುದಿಲ್ಲ, ಇದನ್ನು ಮುಚ್ಚಿಟ್ಟು ಬರೆದರೆ ಮೋಸವಾಗುತ್ತದೆ. ಅವಳು "ಸಾರಿ ಸಾರ್" ಅಂದಳು. "ಪರವಾಗಿಲ್ಲ, ಅವಸರ ಇಲ್ಲ" ಅಂತ ಇನ್ನೊಂದು ಕೈ ಚಾಚಿದೆ. ಎರಡನೇ ಸಲ ಸಿಕ್ಕಿತು. ಮೂರು ಟ್ಯೂಬ್, ಸರದಿಯಲ್ಲಿ. ನನ್ನೆದುರೇ ಹೆಸರು ಬರೆದಳು.

ಸಂಜೆ ಊರಿಗೆ ಫೋನ್ ಮಾಡಿದಾಗ ಅವ್ವನಿಗೆ ಇದನ್ನು ಹೇಳಿದೆ. ಹೊಗಳುತ್ತಾಳೆ ಅಂತ ಒಳಗೊಳಗೇ ಆಸೆ ಇತ್ತು. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಆ ಪೋರಿ ಯಾರ ಮಗಳೋ ಏನೋ. ಚಾ ಆದ್ರೂ ಕೊಟ್ಟಿ ಇಲ್ಲೋ?"

ಕೊಟ್ಟಿರಲಿಲ್ಲ.